ಏಳನೇ ಸಾಲಿನ ಮೀನು

ನಮ್ಮ ಪಂಚಾಯಿತಿಯ ಜನತಾ ಜೀವವೈವಿಧ್ಯ ದಾಖಲಾತಿ ಪುಸ್ತಕದಲ್ಲಿ ಮೀನಿಗೆ ಅಂತ ಒಂದೂವರೆ ಪುಟ ಇದೆ. ಅದರ ಏಳನೇ ಸಾಲು ನನ್ನ ಕೈಬರಹ. ‘ಬಿಳಿಮೀನು, ಮಹಶೀರ್ – ಇದೆ – ಜಾಸ್ತಿ.’ ಬರೆಯಲು ಅರ್ಧ ನಿಮಿಷ ಹಿಡಿದಿರಬಹುದು. ತಿದ್ದಲು ಹೆಚ್ಚುಕಮ್ಮಿ ಐದು ವರ್ಷ ಹಿಡಿಯಿತು.

ಸಿದ್ದಾಪುರದಿಂದ ದುಬಾರೆ ಕಡೆಗೆ ಕಾವೇರಿ ದಂಡೆ ಹಿಡಿದು ಹೋದರೆ ನಮ್ಮೂರು ಸಿಗುತ್ತದೆ. ನಾನು ಪ್ರಾಥಮಿಕ ಶಾಲೆಯಲ್ಲಿ ಮೂವತ್ತೊಂದು ವರ್ಷ ಪಾಠ ಮಾಡಿ ನಿವೃತ್ತನಾದವನು. ಹೊಳೆಗೆ ತಾಗಿದ ಹಾಗೆ ಮೂರು ಎಕರೆ ರೋಬಸ್ಟಾ ತೋಟ ಇದೆ. ನಿವೃತ್ತ ಮೇಷ್ಟ್ರು ಅಂದರೆ ಊರಿನ ಎಲ್ಲ ಸಮಿತಿಗೂ ಸುಮ್ನೆ ಸಿಗುವ ಸದಸ್ಯ. ಹಾಗೆ ಜೀವವೈವಿಧ್ಯ ನಿರ್ವಹಣಾ ಸಮಿತಿಗೂ ನನ್ನ ಹೆಸರು ಸೇರಿತು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಇಂಥದ್ದೊಂದು ಸಮಿತಿ ಇರಬೇಕು. ಊರಿನ ಗಿಡ, ಮರ, ಹಕ್ಕಿ, ಮೀನು ಎಲ್ಲದರ ಲೆಕ್ಕ ಬರೆದಿಡಬೇಕು. ನಮ್ಮ ಕಡೆ ವರ್ಷಗಟ್ಟಲೆ ಯಾರಿಗೂ ಅದರ ನೆನಪಿರಲಿಲ್ಲ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ಕೊಟ್ಟು, ತಪ್ಪಿದರೆ ರಾಜ್ಯಗಳಿಗೆ ತಿಂಗಳಿಗೆ 10 ಲಕ್ಷ ರೂಪಾಯಿ ದಂಡ ಅಂದಾಗ ಎಲ್ಲರಿಗೂ ಒಟ್ಟಿಗೆ ನೆನಪಾಯಿತು.

ಜನವರಿ ಅಂದರೆ ಕಾಫಿ ಕೊಯ್ಲು. ಯಾರಿಗೂ ಪುರುಸೊತ್ತಿಲ್ಲ. ಮೂರು ದಿನದಲ್ಲಿ ಪುಸ್ತಕ ತುಂಬಿಸಿದೆವು. ಮರಗಳ ಪುಟವನ್ನು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪಕ್ಕದ ಪಂಚಾಯಿತಿಯ ಪುಸ್ತಕ ನೋಡಿ ಬರೆದ. ಅವರು ಯಾರದ್ದನ್ನು ನೋಡಿ ಬರೆದಿದ್ದರೋ. ಕಾಪಿ ಹೊಡೆಯಬಾರದು ಅಂತ ಅವನಿಗೆ ಕಲಿಸಿದವನು ನಾನೇ, ಆವತ್ತು ಮಾತ್ರ ಸುಮ್ಮನಿದ್ದೆ. ಮೀನಿನ ಪುಟ ನನ್ನ ಪಾಲಿಗೆ ಬಂತು. ಸಂತೆಯಲ್ಲಿ ಕಂಡದ್ದು, ಚಿಕ್ಕಂದಿನಲ್ಲಿ ಗಾಳ ಹಾಕಿ ಹಿಡಿದದ್ದು, ಗದ್ದೆಯ ತೋಡಿನಲ್ಲಿ ಕೂಳಿಗೆ ಬಿದ್ದದ್ದು, ಎಲ್ಲ ನೆನಪು ಮಾಡಿಕೊಂಡು ಬರೆದೆ. ಏಳನೆಯದು ಮಹಶೀರ್. ಹೊಳೆಯಲ್ಲಿ ಕಾಣುತ್ತಿತ್ತು, ‘ಇದೆ’ ಅಂದೆ. ದಂಡೆ ಮೇಲೆ ನಿಂತು ಮಂಡಕ್ಕಿ ಎಸೆದರೆ ಮುತ್ತಿಕೊಳ್ಳುತ್ತಿದ್ದವು, ‘ಜಾಸ್ತಿ’ ಅಂದೆ.

ಅದಕ್ಕೂ ಮುಂಚಿನ ಆಗಸ್ಟ್, ಅಂದರೆ 2019, ಈ ಭಾಗದವರು ಮರೆಯುವ ತಿಂಗಳಲ್ಲ. ಕರಡಿಗೋಡು, ನೆಲ್ಯಹುದಿಕೇರಿಯ ಕುಂಬಾರಗುಂಡಿ, ಬೆಟ್ಟದಕಾಡು, ಎಲ್ಲ ಕಡೆ ಹೊಳೆ ಮನೆಯೊಳಗೆ ಬಂತು. ನೀರು ಇಳಿದ ಮೇಲೆ ಹೊಳೆಯ ಆಕಾರವೇ ಬೇರೆ. ನಮ್ಮ ತೋಟದ ಕೆಳಗೆ ಒಂದು ಮಡು ಇದೆ. ನಾವು ಹುಡುಗರಾಗಿದ್ದಾಗ ಬಿದಿರ ಗಳ ಇಳಿಸಿದರೂ ತಳ ಸಿಗುತ್ತಿರಲಿಲ್ಲ. ಈಗ ಅರ್ಧಕ್ಕರ್ಧ ಮರಳು. ಊರವರಿಗೆ ಹೊಳೆ ಬಡವಾಯಿತು ಅನ್ನಿಸಿತು. ಏನಾದರೂ ಮಾಡಬೇಕು ಅನ್ನಿಸಿತು. 2021ರಲ್ಲಿ ಮಳೆ ಕಡಿಮೆಯಾದ ಮೇಲೆ ಮಹಶೀರ್ ಮರಿ ಬಿಡುವ ಕಾರ್ಯಕ್ರಮ ಇಟ್ಟುಕೊಂಡೆವು.

ಮರಿಗಳು ಒಂದು ಮರಿ ಉತ್ಪಾದನಾ ಕೇಂದ್ರದಿಂದ ಬಂದವು. ಆಮ್ಲಜನಕ ತುಂಬಿದ ದೊಡ್ಡ ಪ್ಲಾಸ್ಟಿಕ್ ಚೀಲಗಳು. ಒಳಗೆ ಬೆರಳುದ್ದದ ಮರಿಗಳು ಬೆಳ್ಳಿ ಚೂರಿನ ಹಾಗೆ ಹೊಳೆಯುತ್ತಿದ್ದವು. ಚೀಲವನ್ನು ಕಾಲು ಗಂಟೆ ಹೊಳೆ ನೀರಲ್ಲೇ ತೇಲಿಸಿ, ಒಳಗಿನ ನೀರೂ ಹೊರಗಿನ ನೀರೂ ಒಂದೇ ಬಿಸಿಗೆ ಬಂದ ಮೇಲೆ ಬಾಯಿ ಬಿಚ್ಚಬೇಕು. ಅಷ್ಟನ್ನು ಸರಿಯಾಗಿಯೇ ಮಾಡಿದೆವು. ಹೆಂಗಸರು ಅರಿಶಿನ ಕುಂಕುಮ ಇಟ್ಟು ಕಾವೇರಮ್ಮನಿಗೆ ಮಡಿಲು ತುಂಬಿದ ಹಾಗಾಯಿತು ಅಂದರು. ಮರುದಿನ ಪೇಪರಿನಲ್ಲಿ ಫೋಟೊ. ಮೊಣಕಾಲುದ್ದ ನೀರಲ್ಲಿ ಪಂಚೆ ಎತ್ತಿ ಕಟ್ಟಿ ನಿಂತು ಚೀಲ ಬಗ್ಗಿಸುತ್ತಿರುವವನು ನಾನೇ. ಆ ಕತ್ತರಿಸಿದ ಪೇಪರು ಇನ್ನೂ ನಮ್ಮನೆ ಶೋಕೇಸಿನಲ್ಲಿದೆ. ತೆಗೆಯೋಣ ಅಂದರೆ ಹೆಂಡತಿ ಬಿಡುವುದಿಲ್ಲ.

ಮುಂದಿನ ವರ್ಷ ನವೆಂಬರಿನಲ್ಲಿ ಒಬ್ಬಳು ಹುಡುಗಿ ಬಂದಳು. ಮೀನಿನ ಮೇಲೆ ಸಂಶೋಧನೆ ಮಾಡುತ್ತಿರುವ ವಿದ್ಯಾರ್ಥಿನಿ. ಇಲಾಖೆಯ ಅನುಮತಿ ಪತ್ರ ತೋರಿಸಿದಳು. ನಮ್ಮ ಪುಸ್ತಕದ ಆ ಪುಟ ಅವಳ ಕೈಲಿತ್ತು. ಅದನ್ನು ಯಾರಾದರೂ ಓದುತ್ತಾರೆ ಅಂತ ನನಗೆ ಅವತ್ತೇ ಗೊತ್ತಾದದ್ದು.

“ಸರ್, ಮಹಶೀರ್ ಅಂತ ಒಂದೇ ಸಾಲು ಬರೆದಿದ್ದೀರ. ಯಾವ ಮಹಶೀರ್?”

“ಮಹಶೀರ್ ಅಂದ್ರೆ ಮಹಶೀರ್ ಅಮ್ಮ. ಬಿಳಿಮೀನು.”

ಅವಳು ನಗಲಿಲ್ಲ. ರೆಕ್ಕೆಯ ಬಣ್ಣ ನೋಡಿದ್ದೀರಾ ಅಂತ ಕೇಳಿದಳು. ಅರವತ್ತು ವರ್ಷ ಈ ಹೊಳೆ ಪಕ್ಕ ಇದ್ದೇನೆ. ರೆಕ್ಕೆಯ ಬಣ್ಣ ನೆನಪಿಗೆ ಬರಲಿಲ್ಲ.

ಅವಳನ್ನು ತೆಪ್ಪದ ತಾತನ ಹತ್ತಿರ ಕರೆದುಕೊಂಡು ಹೋದೆ. ತಾತನಿಗೆ ಎಂಬತ್ತರ ಹತ್ತಿರ. ಬೀಸು ಬಲೆ ಎಸೆದು, ಗಾಳ ಹಾಕಿ, ಹರಿಗೋಲಿನಲ್ಲಿ ಜನ ದಾಟಿಸಿ ಬದುಕಿದವರು. ತೋಟೆ, ಅಂದರೆ ಸಿಡಿಮದ್ದು, ಹೊಡೆದು ಮೀನು ಹಿಡಿಯುವವರನ್ನು ಕಂಡರೆ ಇವತ್ತಿಗೂ ಬೈಯುತ್ತಾರೆ. ಅವಳು ಫೋನಿನಲ್ಲಿ ಎರಡು ಚಿತ್ರ ತೋರಿಸಿದಳು. ಒಂದರ ರೆಕ್ಕೆ, ಬಾಲ ನೀಲಿ ಮಿಶ್ರಿತ ಬೂದು. ಇನ್ನೊಂದರ ಬಾಲ ಕಿತ್ತಳೆ ಕೆಂಪು. ಅದರ ತಲೆಯ ಹಿಂದಿನಿಂದ ಬೆನ್ನು ಗಕ್ಕನೆ ಮೇಲೆದ್ದು ಡುಬ್ಬದ ಹಾಗಿದೆ.

ತಾತ ಒಂದು ಕ್ಷಣವೂ ಯೋಚಿಸಲಿಲ್ಲ. “ಇದು ಹೆಣ್ಣು, ಇದು ಗಂಡು. ಗಂಡು ಈಗ ಬರಲ್ಲ. ನಮ್ಮಪ್ಪನ ಕಾಲದಲ್ಲಿ ಇಬ್ಬರು ಹೊರೋವಂಥದ್ದು ಸಿಗ್ತಿತ್ತು. ನಾನೂ ಒಂದೆರಡು ಕಂಡಿದ್ದೀನಿ. ಈಗ ಬರೀ ಹೆಣ್ಣೇ.”

ಹುಡುಗಿ ಬರೆದುಕೊಂಡಳು. ತಿದ್ದಲಿಲ್ಲ. ವಾಪಸ್ ಬರುವಾಗ ನನಗೆ ಹೇಳಿದಳು, “ಗಂಡು ಹೆಣ್ಣು ಅಲ್ಲ ಸರ್. ಎರಡು ಬೇರೆ ಬೇರೆ ಮೀನು.”

ಅವಳು ಹೇಳಿದ ಕತೆಯನ್ನು ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ಡುಬ್ಬದ ಮಹಶೀರ್ ಕಾವೇರಿ ಮತ್ತು ಅದರ ಉಪನದಿಗಳದ್ದು ಮಾತ್ರ. ಜಗತ್ತಿನ ಬೇರೆ ಯಾವ ಹೊಳೆಯಲ್ಲೂ ಇಲ್ಲ. ಬ್ರಿಟಿಷರ ಕಾಲದಿಂದ ಗಾಳದ ಶಿಕಾರಿಯವರು ಹುಡುಕಿಕೊಂಡು ಬರುತ್ತಿದ್ದದ್ದು ಇದನ್ನೇ. ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಹಿಡಿದ ಮೀನು 120 ಪೌಂಡ್, ಅಂದರೆ 54 ಕಿಲೋ ತೂಗಿತ್ತು. ಇಷ್ಟು ಹೆಸರುವಾಸಿ ಮೀನಿಗೆ ವಿಜ್ಞಾನದಲ್ಲಿ ಸರಿಯಾದ ಹೆಸರೇ ಇರಲಿಲ್ಲ. ಬಹಳ ಕಾಲ ಅದನ್ನು ‘ಟಾರ್ ಮುಸುಲ್ಲಾ’ ಅಂತ ಕರೆದರು. ಆ ಹೆಸರು ಬೇರೆ ಮೀನಿನದ್ದು ಅಂತ ಆಮೇಲೆ ಗೊತ್ತಾಯಿತು. ಕೊನೆಗೆ 2018ರಲ್ಲಿ ವಿಜ್ಞಾನಿಗಳು ಮೋಯಾರ್ ಹೊಳೆಯಲ್ಲಿ ಸಿಕ್ಕ ಡುಬ್ಬದ ಮೀನಿನ ಡಿಎನ್‌ಎ ನೋಡಿದರು. ಕೇರಳದ ಪಾಂಬಾರ್ ಹೊಳೆಯ ಸಣ್ಣ ಮೀನುಗಳಿಗೆ ಮೊದಲೇ ‘ಟಾರ್ ರೆಮಾದೇವಿ’ ಅಂತ ಹೆಸರಿಟ್ಟಿದ್ದರು. ಎರಡೂ ಒಂದೇ ಅಂತ ತಿಳಿಯಿತು. ಪಾಂಬಾರ್ ಅಮರಾವತಿಗೆ ಸೇರುತ್ತದೆ, ಅಮರಾವತಿ ಕಾವೇರಿಗೆ. ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ವಿಜ್ಞಾನಿ ಕೆ. ರೆಮಾದೇವಿ ಅವರ ಗೌರವಕ್ಕೆ ಇಟ್ಟ ಹೆಸರು ಅದು. ಹೆಸರು ಪಕ್ಕಾ ಆದ ವರ್ಷವೇ, ಅಳಿಯುತ್ತಿರುವ ಜೀವಿಗಳ ಲೆಕ್ಕ ಇಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಅದು ‘ತೀವ್ರ ಅಳಿವಿನಂಚಿನಲ್ಲಿರುವ’ ಮೀನು ಅಂತ ಸೇರಿತು. ನಾಮಕರಣಕ್ಕೆ ಹೋದವರು ಆಸ್ಪತ್ರೆಯಲ್ಲಿ ಮಗು ನೋಡಿ ಬಂದ ಹಾಗೆ.

ನೀಲಿ ರೆಕ್ಕೆಯದು ‘ಟಾರ್ ಖುದ್ರೀ’. ಅದಕ್ಕೆ 1839ರಲ್ಲೇ ಹೆಸರಿಟ್ಟಿದ್ದಾರೆ, ಪುಣೆ ಕಡೆಯ ಹೊಳೆಯ ಮೀನು ನೋಡಿ. ಕೃಷ್ಣಾ ಕಡೆಯದ್ದು. 1970ರ ದಶಕದಲ್ಲಿ ಲೋಣಾವಳದಲ್ಲಿ ಅದನ್ನು ಕೃತಕವಾಗಿ ಮರಿ ಮಾಡಿಸುವುದನ್ನು ಕಲಿತರು. ಅದು ಸಣ್ಣ ಕೆಲಸವಲ್ಲ. ಆ ಕಾಲಕ್ಕೆ ಮಹಶೀರ್ ಎಲ್ಲ ಕಡೆ ಕಡಿಮೆಯಾಗುತ್ತಿತ್ತು. ಮರಿ ಮಾಡಿ ಹೊಳೆಗಳಿಗೆ ಬಿಡುವುದೇ ದಾರಿ ಅಂತ ಎಲ್ಲರೂ ನಂಬಿದ್ದರು. ಹಾಗೆ ಅದು ಕಾವೇರಿಗೂ ಬಂತು. ಇಲ್ಲಿ ಚೆನ್ನಾಗಿ ಹೊಂದಿಕೊಂಡಿತು. ಹೊಂದಿಕೊಂಡದ್ದೇ ತೊಂದರೆ.

ಇದು ಹೇಗೆ ಗೊತ್ತಾಯಿತು ಅನ್ನುವುದು ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ಯಾವ ಲ್ಯಾಬೂ ಅಲ್ಲ, ಗಾಳ ಹಾಕುವವರ ಡೈರಿ. ಕಾವೇರಿಯ ಕೆಳಹರಿವಿನಲ್ಲಿರುವ ಗಾಳಿಬೋರೆ ಕ್ಯಾಂಪಿನಲ್ಲಿ ಹಿಡಿದು ಬಿಡುವ ಶಿಕಾರಿಯವರು ಯಾವ ದಿನ, ಎಷ್ಟು ಗಂಟೆ, ಯಾವ ಮೀನು, ಎಷ್ಟು ತೂಕ ಅಂತ 1998ರಿಂದ 2012ರವರೆಗೆ ಬರೆದಿಟ್ಟಿದ್ದರು. ಆರು ಸಾವಿರಕ್ಕೂ ಹೆಚ್ಚು ಮೀನಿನ ಲೆಕ್ಕ. ಅದನ್ನು ಕೂಡಿಸಿ ನೋಡಿದರೆ ನೀಲಿ ರೆಕ್ಕೆಯದು ವರ್ಷ ವರ್ಷ ಏರುತ್ತಿದೆ, ಡುಬ್ಬದ್ದು ಇಳಿಯುತ್ತಿದೆ. ಒಟ್ಟು ಲೆಕ್ಕ ಮಾತ್ರ ನೋಡಿದವರಿಗೆ ಏನನ್ನಿಸುತ್ತದೆ? ಮಹಶೀರ್ ಜಾಸ್ತಿ. ನನ್ನ ಏಳನೇ ಸಾಲೇ ಅಲ್ವಾ.

ನಮ್ಮ ಹೊಳೆಯಲ್ಲಿ ಯಾವುದಿದೆ ಅಂತ ನೋಡೋಣ ಅಂದಳು. ಅವಳು ತಿಂಗಳಿಗೆ ಎರಡು ಸಲ ಬರುವುದು, ಉಳಿದ ದಿನ ನಾನೂ ತಾತನೂ ಇನ್ನಿಬ್ಬರು ಹುಡುಗರೂ ಬರೆದಿಡುವುದು. ಗಾಳಕ್ಕೆ ರಾಗಿ ಮುದ್ದೆ. ಕಾವೇರಿಯ ಮಹಶೀರಿಗೆ ಅದೇ ಹಳೆಯ ಎರೆ. ಕೊಕ್ಕೆಯ ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಬೇಕು, ಬಾಯಿ ಹರಿಯದೆ ಬಿಡಿಸಲು ಬರುತ್ತದೆ. ಮೀನನ್ನು ನೀರಿನಿಂದ ಪೂರ್ತಿ ಎತ್ತಬಾರದು. ಒದ್ದೆ ಕೈಯಲ್ಲೇ ಹಿಡಿಯಬೇಕು. ಮೂತಿಯ ತುದಿಯಿಂದ ಬಾಲದ ಕವಲಿನ ತನಕ ಅಳೆಯಬೇಕು. ನಾನು ಮೊದಲ ವಾರವೆಲ್ಲ ಬಾಲದ ತುದಿಯ ತನಕ ಅಳೆದಿದ್ದೆ. ಎಲ್ಲ ಮೀನೂ ನಾಲ್ಕು ಬೆರಳು ಹೆಚ್ಚು ಉದ್ದ ಆಗಿಬಿಟ್ಟಿದ್ದವು.

ಫೋಟೊ ತೆಗೆಯುವುದಕ್ಕೂ ಒಂದು ಕ್ರಮ. ಪಕ್ಕದಿಂದ, ರೆಕ್ಕೆ ಬಿಡಿಸಿ, ತಲೆ ಎಡಕ್ಕೆ. ನಮ್ಮ ಹುಡುಗರು ತೆಗೆದ ಫೋಟೊಗಳಲ್ಲಿ ಮೀನು ಹಿಡಿದವನ ನಗು ಚೆನ್ನಾಗಿ ಬಂದಿರುತ್ತಿತ್ತು, ರೆಕ್ಕೆ ಬೆರಳಿನಡಿ ಮುಚ್ಚಿರುತ್ತಿತ್ತು.

ಆಮೇಲೆ ರೆಕ್ಕೆಯ ಚೂರು. ಅಕ್ಕಿ ಕಾಳಿನಷ್ಟು ಸಣ್ಣ ಚೂರನ್ನು ಕತ್ತರಿಯಲ್ಲಿ ತೆಗೆದು ಸ್ಪಿರಿಟ್ ತುಂಬಿದ ಪುಟ್ಟ ಶೀಶೆಗೆ ಹಾಕಬೇಕು. ಗಾಯ ಮಾಯುತ್ತದೆ, ಮೀನಿಗೆ ತೊಂದರೆಯಿಲ್ಲ. ಆ ಚೂರಿನ ಡಿಎನ್‌ಎ ಓದಿ ಯಾವ ಮೀನು ಅಂತ ಹೇಳುತ್ತಾರೆ. ಕಣ್ಣಿಗೆ ಮೋಸ ಆಗಬಹುದು. ಮರಿಗಳಲ್ಲಿ ಡುಬ್ಬ ಅಷ್ಟಾಗಿ ಕಾಣುವುದಿಲ್ಲ, ಕೆಸರು ನೀರಿನಲ್ಲಿ ಬಣ್ಣ ಮಾಸುತ್ತದೆ.

ಇಲ್ಲೊಂದು ತಪ್ಪು ನನ್ನಿಂದಲೇ ಆಯಿತು. ಶೀಶೆಯ ಮೇಲೆ ತಾರೀಕು, ಜಾಗ, ಸಂಖ್ಯೆ ಬರೆಯುವ ಕೆಲಸ ನನ್ನದು. ಮೇಷ್ಟ್ರ ಅಕ್ಷರ ಚೆನ್ನಾಗಿದೆ ಅಂತ ಕೊಟ್ಟಿದ್ದರು. ನಾನು ನೀಲಿ ಜೆಲ್ ಪೆನ್ನಿನಲ್ಲಿ ದುಂಡಗೆ ಬರೆದೆ. ಒಂದು ಶೀಶೆ ಸ್ವಲ್ಪ ಸೋರಿತು. ಪೆಟ್ಟಿಗೆಯಲ್ಲಿ ಎಲ್ಲ ಒದ್ದೆಯಾಯಿತು. ಸ್ಪಿರಿಟ್ಟಿಗೆ ಶಾಯಿ ಕರಗಿ ಹೋಯಿತು. ಎರಡು ವಾರದ ನಂತರ ಹುಡುಗಿ ಪೆಟ್ಟಿಗೆ ತೆರೆದಾಗ ಒಂಬತ್ತು ಶೀಶೆ, ಒಂಬತ್ತು ನೀಲಿ ಕಲೆ. ಯಾವುದು ಯಾವ ಮಡುವಿನದು ಅಂತ ಹೇಳಲು ಸಾಧ್ಯವೇ ಇಲ್ಲ. ಅವಳು ಏನೂ ಬೈಯಲಿಲ್ಲ. ಚೀಲದಿಂದ ಒಂದು ಪೆನ್ಸಿಲ್ ತೆಗೆದು ಕೊಟ್ಟಳು. ಒಂದನೇ ಕ್ಲಾಸಿನ ಮಕ್ಕಳಿಗೆ ನಾನು ಕೊಡುತ್ತಿದ್ದಂಥದ್ದು. ಪೆನ್ಸಿಲಿನ ಗುರುತು ಸ್ಪಿರಿಟ್ಟಿನಲ್ಲಿ ಹೋಗುವುದಿಲ್ಲವಂತೆ. ಅವತ್ತು ರಾತ್ರಿ ಊಟ ಸೇರಲಿಲ್ಲ.

ಏಪ್ರಿಲ್ ತನಕ ನಡೆಸಿದೆವು. ನಡುವೆ ಜನವರಿಯಲ್ಲಿ ಇನ್ನೊಂದು ಸಂಗತಿ ನೋಟ್‌ಬುಕ್ಕಿನಲ್ಲಿ ಎದ್ದು ಕಂಡಿತು. ಪಲ್ಪರ್ ನೀರು ಬಿಟ್ಟ ಮರುದಿನಗಳಲ್ಲಿ ತೋಡು ಸೇರುವ ಜಾಗದಲ್ಲಿ ಮೀನೇ ಇಲ್ಲ. ಹಣ್ಣು ಕಾಫಿಯ ಸಿಪ್ಪೆ ಬಿಡಿಸಿದ ನೀರಿನಲ್ಲಿ ಸಕ್ಕರೆ ಅಂಶ ಇರುತ್ತದೆ. ಅದು ಹೊಳೆಯಲ್ಲಿ ಕೊಳೆಯುವಾಗ ನೀರಿನ ಆಮ್ಲಜನಕ ತಿನ್ನುತ್ತದೆ. ವಾಸನೆ ನಮಗೆಲ್ಲ ಗೊತ್ತಿದ್ದದ್ದೇ. ತಾರೀಕು ಹಾಕಿ ಬರೆದದ್ದು ಮಾತ್ರ ಅದೇ ಮೊದಲು.

ಫಲಿತಾಂಶ ಬರಲು ಎಂಟು ತಿಂಗಳಾಯಿತು. ಅದೂ ನಾನು ಮೂರು ಸಲ ಫೋನ್ ಮಾಡಿದ ಮೇಲೆ. ಇದನ್ನು ಹೇಳದೆ ಬಿಡಲಾರೆ. ಹುಡುಗಿ ಒಳ್ಳೆಯವಳು, ಆದರೆ ಅವಳ ಮೇಲಿನವರಿಗೆ ಪ್ರಬಂಧ ಅಚ್ಚಾಗುವುದು ಮುಖ್ಯ. ಊರಿಗೆ ಹೇಳುವುದು ಪಟ್ಟಿಯಲ್ಲಿ ಕೊನೆಗೆ. ಬಂದದ್ದು ಇಂಗ್ಲಿಷಿನಲ್ಲಿ ನಾಲ್ಕು ಪುಟ. ನಾನು ಡಿಕ್ಷನರಿ ಇಟ್ಟುಕೊಂಡು ಓದಿದೆ. ಸಾರಾಂಶ ಒಂದೇ ಮಾತು. ನಮ್ಮ ಎರಡು ಮಡುಗಳಲ್ಲಿ ಸಿಕ್ಕ ಮಹಶೀರ್ ಒಂದೂ ಬಿಡದೆ ನೀಲಿ ರೆಕ್ಕೆಯದು. ಡುಬ್ಬದ್ದು ಸೊನ್ನೆ.

ತಾತನಿಗೆ ಹೇಳಲು ಹೋದೆ. ಗಂಡು ಹೆಣ್ಣು ಅಲ್ಲ ತಾತ, ಎರಡು ಬೇರೆ ಮೀನು, ಈಗ ಇರೋದು ಹೊರಗಿಂದ ತಂದು ಬಿಟ್ಟದ್ದು ಅಂದೆ. ಅವರಿಗೆ ಸಿಟ್ಟು ಬಂತು. “ಎಂಬತ್ತು ವರ್ಷ ಹೊಳೇಲಿ ಇದ್ದವನು ನಾನೋ ಅವಳೋ?” ಅಂದರು. ಎಲೆ ಅಡಿಕೆ ಹಾಕಿಕೊಂಡು ಸುಮ್ಮನೆ ಕೂತರು. ನಾನೂ ಕೂತೆ. ಸುಮಾರು ಹೊತ್ತಾದ ಮೇಲೆ ಅವರೇ ಅಂದರು, “ಬರೀ ಹೆಣ್ಣೇ ಇದ್ರೆ ಇಷ್ಟೊಂದು ಮರಿ ಎಲ್ಲಿಂದ ಬಂತು ಅಂತ ನಂಗೂ ಒಂದು ಅನುಮಾನ ಇತ್ತು.”

ಅಷ್ಟರಲ್ಲಿ ಪಂಚಾಯಿತಿಯಲ್ಲಿ ಇನ್ನೊಂದು ಸಲ ಮರಿ ಬಿಡುವ ಮಾತು ಶುರುವಾಗಿತ್ತು. ಕ್ರಿಯಾ ಯೋಜನೆಗೆ ಹಣವೂ ಸೇರಿತ್ತು. 2024ರ ಜನವರಿಯಲ್ಲಿ ಸಮಿತಿಯ ಸಭೆ. ನಾನು ಎದ್ದು ನಿಂತು, “ನಾವು ಬಿಟ್ಟದ್ದು ಬೇರೆ ಜಾತಿ ಮೀನು” ಅಂದೆ.

“ಮೀನಿಗೂ ಜಾತಿ ಹಚ್ಚಿಬಿಟ್ರಾ ಮೇಷ್ಟ್ರೇ?” ಅಂತ ಹಿಂದಿನಿಂದ ಯಾರೋ ಅಂದರು. ಸಭೆ ನಕ್ಕಿತು. ಐದು ನಿಮಿಷ ಯಾರೂ ನನ್ನ ಮಾತು ಕೇಳಲಿಲ್ಲ.

ಸರಿ, ಜಾತಿ ಬೇಡ, ‘ತಳಿ’ ಅಂದೆ. ಅದು ಇನ್ನೂ ಕೆಟ್ಟಿತು. ತಳಿ ಅಂದರೆ ಸುಧಾರಿತ ತಳಿ ಅಲ್ವಾ, ಬೇಗ ಬೆಳೆಯುತ್ತದೆ, ಒಳ್ಳೆಯದೇ ಆಯ್ತಲ್ಲ ಅಂದರು ಒಬ್ಬರು. ‘ಪ್ರಭೇದ’ ಅನ್ನುವುದು ಪಠ್ಯಪುಸ್ತಕದ ಪದ. ಹೇಳಿದರೆ ಕಣ್ಣು ಮುಚ್ಚುತ್ತಾರೆ. ಮೂವತ್ತೊಂದು ವರ್ಷ ಪಾಠ ಮಾಡಿದವನಿಗೆ ಒಂದು ಪದ ಸಿಗಲಿಲ್ಲ.

ಸಭೆಗೆ ಬಂದಿದ್ದ ಅಧಿಕಾರಿಯೂ ಕೆಟ್ಟವರಲ್ಲ. ಅವರ ಕಷ್ಟ ಅವರದು. “ಸರ್, ನೀವು ಹೇಳೋದು ಸರಿ ಇರಬಹುದು. ನನಗೆ ಬಂದಿರೋ ಗುರಿ ‘ಮಹಶೀರ್ ಮರಿ, ಇಷ್ಟು ಸಂಖ್ಯೆ’ ಅಂತ. ಯಾವ ಮಹಶೀರ್ ಅಂತ ಕೇಳೋ ಕಾಲಂ ಅದರಲ್ಲಿ ಇಲ್ಲ. ಬಿಡದಿದ್ರೆ ಯಾಕೆ ಬಿಡಲಿಲ್ಲ ಅಂತ ಬರೆಯೋ ಕಾಲಂ ಮಾತ್ರ ಇದೆ.” ಇನ್ನೊಬ್ಬರು ಫೋನ್ ತೆಗೆದು ಹಳೆಯ ಸುದ್ದಿ ಓದಿದರು. ನೀಲಿ ರೆಕ್ಕೆಯ ಮಹಶೀರ್ ಅಳಿವಿನಂಚಿನ ಪಟ್ಟಿಯಿಂದ ಹೊರಬಂದಿದೆ ಅಂತ 2020ರಲ್ಲಿ ಪತ್ರಿಕೆಗಳು ಸಂಭ್ರಮದಿಂದ ಬರೆದಿದ್ದವು. “ಅಲ್ಲಿ ಹಬ್ಬ ಮಾಡಿದ ಮೀನಿಗೆ ಇಲ್ಲಿ ಯಾಕೆ ತಕರಾರು?” ನ್ಯಾಯವಾದ ಪ್ರಶ್ನೆಯೇ. ಅದರ ಹೊಳೆಯಲ್ಲಿ ಅದು ಉಳಿದರೆ ನನಗೂ ಸಂತೋಷ. ನಮ್ಮ ಹೊಳೆಗೆ ಅದು ಉತ್ತರವಲ್ಲ ಅಷ್ಟೇ. ಹೀಗೆ ಹೇಳಿದೆ, ಯಾರಿಗೂ ತಾಗಲಿಲ್ಲ.

ಟೀ ಬಂತು. ಅಲ್ಲ, ಕಾಫಿ. ಲೋಟ ಹಿಡಿದು ಕೂತಾಗ ತಲೆಗೆ ಹೊಳೆಯಿತು. ಎದುರಿಗಿದ್ದವರೆಲ್ಲ ಬೆಳೆಗಾರರು.

“ನಿಮ್ಮ ಅಪ್ಪನ ಕಾಲದಲ್ಲಿ ನಿಮ್ಮ ತೋಟದಲ್ಲಿ ಏನಿತ್ತು?” ಅಂತ ಪಕ್ಕದವರನ್ನು ಕೇಳಿದೆ.

“ಅರೇಬಿಕಾ.”

“ಈಗ?”

“ಎಲ್ಲಾ ರೋಬಸ್ಟಾ. ಬೋರರ್ ತಿಂದು ಹಾಕ್ತಲ್ಲ.”

“ಪುಸ್ತಕದಲ್ಲಿ ‘ಕಾಫಿ – ಇದೆ – ಜಾಸ್ತಿ’ ಅಂತ ಬರೆದ್ರೆ ಅರೇಬಿಕಾ ಹೋದದ್ದು ಗೊತ್ತಾಗುತ್ತಾ?”

ಬಿಳಿ ಕಾಂಡಕೊರಕಕ್ಕೆ ತೋಟ ಕಳೆದುಕೊಂಡವರು ಆ ಕೋಣೆಯಲ್ಲಿ ನಾಲ್ಕೈದು ಜನ ಇದ್ದರು. ಗಿಡ ಕಿತ್ತು ಸುಟ್ಟವರು. ಯಾರೂ ನಗಲಿಲ್ಲ. ಹಿಂದಿನಿಂದ ಜಾತಿ ಅಂದವರೇ ಕೇಳಿದರು, “ಹಾಗಾದ್ರೆ ನಾವು ಬಿಡೋ ಮರಿ ರೋಬಸ್ಟಾ ಅನ್ನಿ?”

“ಹೂಂ.”

“ಮತ್ತೆ ಮೊದಲೇ ಹೇಳೋದಲ್ವಾ?”

ಮರಿ ಬಿಡುವುದನ್ನು ಆ ವರ್ಷಕ್ಕೆ ನಿಲ್ಲಿಸುವುದು ಅಂತ ನಿರ್ಣಯವಾಯಿತು. ಅಧಿಕಾರಿ ತಮ್ಮ ಕಾಲಂನಲ್ಲಿ ‘ಸ್ಥಳೀಯ ಸಮಿತಿಯ ಆಕ್ಷೇಪಣೆ’ ಅಂತ ಬರೆದುಕೊಂಡರು. ನಮ್ಮ ಪತ್ರದ ಪ್ರತಿ, ಆ ನಾಲ್ಕು ಪುಟದ ಕನ್ನಡ ಸಾರಾಂಶ ಎರಡನ್ನೂ ಕೇಳಿ ತೆಗೆದುಕೊಂಡರು. ಅದಕ್ಕೆ ನಾನು ಅವರಿಗೆ ಋಣಿ.

ಮರಿ ಬಿಡದೆ ಇರುವುದು ಸುಲಭ. ಮತ್ತೇನು ಮಾಡುವುದು? ಡುಬ್ಬದ ಮೀನು ತಂದು ಬಿಡೋಣ ಅಂದರು ಹುಡುಗರು. ಎಲ್ಲಿಂದ ತರುತ್ತೀರಿ? ಮೋಯಾರ್, ಪಾಂಬಾರಿನಂಥ ಕೆಲವೇ ಕಡೆ ಉಳಿದಿರುವ ಮೀನು. ಅದರ ಮೇಲೆ ನಮ್ಮಂಥವರು ಕೈ ಹಾಕಬಾರದು ಅಂತ ಹುಡುಗಿ ಫೋನಿನಲ್ಲೇ ಗದರಿದಳು. ಹೊಳೆ ಸರಿ ಇದ್ದರೆ ಯಾವ ಮೀನಿಗಾದರೂ ಆದೀತು, ಮಡು ಉಳಿಸಿ ಅಂದಳು. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಮೀನಿಗೆ ಉಳಿಯುವುದು ಮಡು ಒಂದೇ. ಮಳೆ ಬಂದಾಗ ಅಲ್ಲಿಂದಲೇ ಮೇಲೆ ಹತ್ತಿ ಕಲ್ಲು ಗರಸಿನ ಹಾಸಿನಲ್ಲಿ ಮೊಟ್ಟೆ ಇಡುತ್ತವೆ.

ಹಾಗಾಗಿ ನಮ್ಮ ತೋಟದ ಕೆಳಗಿನ ಮಡುವಿನಿಂದ ಫೆಬ್ರವರಿಯಿಂದ ಮಳೆ ಬರುವ ತನಕ ಪಂಪ್ ಹಚ್ಚುವುದು ಬೇಡ ಅಂತ ದಂಡೆಯ ಐದು ಮನೆಯವರು ಬಾಯಿಮಾತಿನಲ್ಲಿ ಒಪ್ಪಿದೆವು. ಆ ಐದರಲ್ಲಿ ಒಂದು ನನ್ನ ಪಂಪು. ಫುಟ್‌ವಾಲ್ವನ್ನು ಕೆಳಗಿನ ಓಟಕ್ಕೆ, ಅಂದರೆ ನೀರು ಹರಿಯುವ ಕಡೆಗೆ, ಸರಿಸಲು ಪೈಪ್ ಉದ್ದ ಮಾಡಬೇಕಾಯಿತು. ಮಗ ಬೆಂಗಳೂರಿನಿಂದ ಫೋನ್ ಮಾಡಿ, “ಅಪ್ಪ, ಮೀನಿಗೋಸ್ಕರ ಪೈಪ್ ಕೊಂಡ್ರಾ?” ಅಂತ ಕೇಳಿದ. ಪ್ಲಂಬರಿಗೆ ನಾನು ಕೊಟ್ಟ ಕಾರಣ ಬೇರೆ.

ಒಪ್ಪಿದ ವರ್ಷವೇ ಪರೀಕ್ಷೆ ಬಂತು. 2023ರ ಮಳೆ ಕೈಕೊಟ್ಟಿತ್ತು. ಫೆಬ್ರವರಿ, ಮಾರ್ಚಿನಲ್ಲಿ ರೋಬಸ್ಟಾಕ್ಕೆ ಹೂಮಳೆ ಬೇಕು. ಬರದಿದ್ದರೆ ಸ್ಪ್ರಿಂಕ್ಲರ್ ಹಾಕಲೇಬೇಕು. ಹೂ ಕಟ್ಟದಿದ್ದರೆ ವರ್ಷದ ಬೆಳೆ ಹೋಯಿತು. ಕಾಫಿಗೆ ಒಳ್ಳೆಯ ರೇಟು ಬೇರೆ ಇತ್ತು. ಮಾರ್ಚ್ ಮಧ್ಯದಲ್ಲಿ ಕೆಳಗಿನ ಓಟ ನಿಂತಿತು. ನನ್ನ ಹೊಸ ಪೈಪಿನ ಬಾಯಿ ಮರಳಿನ ಮೇಲೆ ಬಿದ್ದಿತ್ತು. ಮಡುವಿನಲ್ಲಿ ಮಾತ್ರ ನೀರು. ಒಂದು ರಾತ್ರಿ ಹನ್ನೊಂದು ಗಂಟೆಗೆ ಎಲ್ಲೋ ಡೀಸೆಲ್ ಪಂಪಿನ ಸದ್ದು ಕೇಳಿತು. ಯಾರದ್ದು ಅಂತ ಗೊತ್ತು, ಬರೆಯುವುದಿಲ್ಲ. ಬೆಳಿಗ್ಗೆ ಜಗಳವಾಯಿತು. ಜಗಳದಲ್ಲಿ ನಾನೂ ಜೋರಾಗಿಯೇ ಕೂಗಿದೆ. ಕೂಗುವಾಗ ನನ್ನ ಬಾಡಿದ ಗಿಡಗಳು ಕಣ್ಣ ಮುಂದಿದ್ದವು. ನಿಜ ಹೇಳಬೇಕೆಂದರೆ ಹಿಂದಿನ ದಿನ ಮಧ್ಯಾಹ್ನ ನಾನೂ ಪೈಪನ್ನು ಮಡುವಿನ ಕಡೆಗೆ ಹತ್ತು ಹೆಜ್ಜೆ ಎಳೆದು, ತಾತ ದಂಡೆಯಲ್ಲಿ ಕೂತದ್ದು ಕಂಡು ವಾಪಸ್ ಎಳೆದಿದ್ದೆ.

ಮೇ ತಿಂಗಳಲ್ಲಿ ಮಳೆ ಬರುವ ಹೊತ್ತಿಗೆ ಮಡುವಿನಲ್ಲಿ ಸೊಂಟದಷ್ಟು ನೀರಿತ್ತು. ಮೀನಿದ್ದವು. ಎಲ್ಲ ನೀಲಿ ರೆಕ್ಕೆಯವು, ಜೊತೆಗೆ ಜಿಲೇಬಿ ಮೀನು, ಅಂದರೆ ತಿಲಾಪಿಯಾ. ನಾವು ಕಾದದ್ದು ಹೊರಗಿನಿಂದ ಬಂದ ಮೀನನ್ನು ಅಂತ ಹುಡುಗರು ತಮಾಷೆ ಮಾಡಿದರು. ಹೌದಲ್ಲ. ನನ್ನ ಹತ್ತಿರ ಅದಕ್ಕೆ ಉತ್ತರ ಇರಲಿಲ್ಲ. ನನ್ನ ತೋಟದಲ್ಲಿ ಆ ವರ್ಷ ಕಾಯಿ ಅರ್ಧ.

ಪುಸ್ತಕ ತಿದ್ದಿದ್ದು ಆ ವರ್ಷದ ಕಾವೇರಿ ಸಂಕ್ರಮಣ ಕಳೆದ ಮೇಲೆ. ಏಳನೇ ಸಾಲಿಗೆ ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಿದೆ. ಕೆಳಗೆ ಏಳು ಎ, ಏಳು ಬಿ ಅಂತ ಎರಡು ಸಾಲು. ಏಳು ಎ ಸಲೀಸು. ‘ನೀಲಿ ರೆಕ್ಕೆಯ ಮಹಶೀರ್ – ಇದೆ – ಜಾಸ್ತಿ – ಹೊರಗಿನಿಂದ ತಂದು ಬಿಟ್ಟದ್ದು.’ ಕೊನೆಯ ಮೂರು ಪದಕ್ಕೆ ಕಾಲಂ ಇರಲಿಲ್ಲ, ಅಂಚಿನಲ್ಲಿ ಬರೆದೆ. ಏಳು ಬಿ ಹತ್ತಿರ ಕಾರ್ಯದರ್ಶಿ ತಡೆದರು. ಇದೆ ಅಥವಾ ಇಲ್ಲ, ಎರಡರಲ್ಲಿ ಒಂದು ಬರೀಬೇಕು ಸರ್ ಅಂದರು. ಇದೆ ಅನ್ನಲು ಶೀಶೆಗಳು ಒಪ್ಪುವುದಿಲ್ಲ. ಇಲ್ಲ ಅನ್ನಲು ಎರಡು ಮಡು ಬಿಟ್ಟು ನಾವು ಮತ್ತೆಲ್ಲಿ ನೋಡಿದ್ದೇವೆ?

ತಾತನನ್ನು ಕರೆಸಿದೆ. ಅವರು ಕುರ್ಚಿಯಲ್ಲಿ ಕೂರಲಿಲ್ಲ, ಬಾಗಿಲ ಹತ್ತಿರ ನಿಂತರು. ಯಾವ ಮಡು, ಯಾವ ಕಾಲ, ಎಷ್ಟು ದೊಡ್ಡದು ಅಂತ ಕೇಳಿ ಬರೆದುಕೊಂಡೆ. ವರ್ಷ ಅವರಿಗೆ ನೆನಪಿಲ್ಲ. ದೊಡ್ಡ ಮಗಳು ಹುಟ್ಟಿದ ಮಳೆಗಾಲದ ಹಿಂದಿನ ಬೇಸಿಗೆ ಅಂದರು. ಹಾಗೆಯೇ ಬರೆದೆ. ಕಾರ್ಯದರ್ಶಿ ಬಗ್ಗಿ ನೋಡಿ ಏನೂ ಅನ್ನಲಿಲ್ಲ.

“ಓದಿ ಮೇಷ್ಟ್ರೇ.”

ಓದಿದೆ. ‘ಡುಬ್ಬದ ಮಹಶೀರ್. ಕಿತ್ತಳೆ ಬಣ್ಣದ ಬಾಲ. ಹಿರಿಯರೊಬ್ಬರು ಕಂಡಿದ್ದಾರೆ.’

“ಕಿತ್ತಳೆ ಅಲ್ಲ,” ಅಂದರು ತಾತ. “ಹಣ್ಣಾದ ಕಾಫಿ ಇರ್ತದಲ್ಲ, ಪೂರ್ತಿ ಕೆಂಪಾಗೋಕೆ ಎರಡು ದಿನ ಮುಂಚೆ. ಆ ಬಣ್ಣ.”

ಪೆನ್ಸಿಲಿನಲ್ಲಿ ಬರೆದಿದ್ದೆ. ಅಳಿಸಿ ತಿದ್ದಿದೆ.